ಬೆಂಗಳೂರಿನ ಕಾಲ್ಚೆಂಡಿನಾಟಗಾರರ ವಲಸೆ

೧

ಸ್ವತಂತ್ರ ಭಾರತದ ಫುಟ್‌ಬಾಲ್ ತಂಡವು ಒಲಿಂಪಿಕ್ ಕ್ರೀಡೋತ್ಸವಗಳಲ್ಲಿ ಮೊದಲೆರಡು ಸಲ ಭಾಗವಹಿಸಿದಾಗ ಹೊಡೆದ ಗೋಲುಗಳು ಎರಡೇ. ಒಂದು ೧೯೪೮ರ ಜುಲೈ ೩೧ರಂದು, ಲಂಡನ್ನಿನ ಉತ್ಸವದಲ್ಲಿ, ಫ್ರಾನ್ಸಿನ ಮೇಲೆ. ಇನ್ನೊಂದು ೧೯೫೨ರಲ್ಲಿ, ಹೆಲ್ಸಿಂಕಿಯಲ್ಲಿ, ಯುಗೋಸ್ಲಾವಿಯದ ಮೇಲೆ. ಮೊದಲನೆಯದನ್ನು ಹೊಡೆದವರು ಸಾರಂಗಪಾಣಿ ರಾಮನ್. ಎರಡನೆಯದನ್ನು ಹೊಡೆದವರು ಅಹಮದ್ ಖಾನ್. ಇಬ್ಬರೂ ಬೆಂಗಳೂರಿನವರು.

ಎರಡು ಪಂದ್ಯಗಳಲ್ಲಿಯೂ ನಮ್ಮವರು ಸೋತರೆಂಬುದು ನಿಜ. ಲಂಡನ್ನಿನಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ, ಎರಡು ಪೆನಾಲ್ಟಿಗಳನ್ನು ವ್ಯರ್ಥಗೊಳಿಸಿ, ಒಂದಕ್ಕೆ ಎರಡರಂತೆ ಸೋತರು. ಹೆಲ್ಸಿಂಕಿಯಲ್ಲಿ ಒಂದಕ್ಕೆ ಹತ್ತರಂತೆ ಸೋತರು. ಆದರೆ ಪ್ರಕೃತ ವಿಚಾರವು ಸೋಲುಗೆಲವಿನದಲ್ಲ. ಅಹಮದ್ ಖಾನರ ಹೆಸರು ಇಂದು ಆಟದ ಚರಿತ್ರೆಯಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದೊಡನೆ ಹೆಣೆದುಕೊಂಡು ಬರುವಷ್ಟು ಬೆಂಗಳೂರಿನೊಡನೆ ಬರುವುದಿಲ್ಲ. ಇದು ಹೇಗಾಯಿತು? ಆಟಗಾರನನ್ನು ಬೆಳೆಸಿದ ಊರು, ಅವನನ್ನು ಆಡಿಸಿದ ಊರು, ಅವನನ್ನು ಆರಿಸಿಕೊಂಡ ದೇಶ, ಈ ಮೂರಕ್ಕೂ ಇರುವ ಸಂಬಂಧವೇನು? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

೧೮೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡು ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿ ಬಂದಾಗಲೂ ಆಂಗ್ಲರ ಆಡಳಿತದಲ್ಲಿಯೇ ಉಳಿಯಿತು. ೧೯೪೭ರವರೆಗೆ ಅದು ಮೈಸೂರಿಗೆ ಸೇರಲಿಲ್ಲ. ಈ ದಂಡಿನ ಮೈದಾನಗಳೇ ನಮ್ಮ ನಾಡಿನ ಕಾಲ್ಚೆಂಡಾಟದ ತೊಟ್ಟಿಲು. ಪಲ್ಟಣಗಳ ಸೋಲ್ಜರರು ಆಡುವುದನ್ನು ನೋಡಿ ಸುತ್ತಣ ಬಡಾವಣೆಗಳ ಹುಡುಗರು ಆಟವನ್ನು ಕಲಿತರು. ಬೂಟುಗಳನ್ನು ಕೊಳ್ಳುವ ಶಕ್ತಿಯಿಲ್ಲದವರು ಬರಿಗಾಲಿನಲ್ಲಿಯೇ ಚೆಂಡನ್ನು ಹತೋಟಿಯಲ್ಲಿಡುವುದನ್ನು ಅಭ್ಯಾಸಮಾಡಿದರು. ಹಲಸೂರಿನ ಬಳಿಯ ಗೌತಮಪುರ, ಆಸ್ಟಿನ್ ಟೌನ್ ಮೊದಲಾದ ಕಡೆಗಳಲ್ಲಿ ಈ ಆಟದ ಮೇಲಣ ಮೋಹ ಇಂದಿಗೂ ಆರಿಲ್ಲ. ಗೌತಮಪುರದವರು ಬುದ್ಧ, ಅಂಬೇಡ್ಕರರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿದ್ದಾರೆ.

ಈ ತೊಟ್ಟಿಲಿನ ಫಲವು ಬಹು ಬೇಗನೆ ಕಂಡಿತು. ಮುಂಬಯಿಯ ರೋವರ್ಸ್ ಕಪ್ಪು ೧೮೯೧ರಿಂದ ಆಂಗ್ಲ ಪಲ್ಟಣಗಳ ಸ್ವತ್ತಿನಂತಿದ್ದಿತು. ೧೯೩೭ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ತಂಡವು ಅದನ್ನು ಗೆದ್ದುಕೊಂಡಿತು. ಸೈನ್ಯಕ್ಕೆ ಸೇರದ ಭಾರತೀಯ ತಂಡವೊಂದಕ್ಕೆ ಆ ಕಪ್ಪು ದೊರೆತುದು ಅದೇ ಮೊದಲು. ಮರುವರ್ಷವೂ ಅದು ಅವರದೇ ಆಯಿತು. ೧೯೪೧ರಲ್ಲಿ ಪ್ರಾಂತಗಳೊಳಗಣ ಸಂತೋಷ್ ಟ್ರೋಫಿ ಪಂದ್ಯಗಳು ಆರಂಭವಾದುವು. ೧೯೪೬-೪೭ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಆ ಟ್ರೋಫಿಯನ್ನು ಪಡೆಯಿತು. ಆಳ್ವಿಕೆಯಲ್ಲಿ ಮೈಸೂರಿನಿಂದ ಬೇರೆಯಾಗಿದ್ದ ದಂಡು ಆಟದಲ್ಲಿ ಮಾತ್ರ ಮೈಸೂರಿನ ಹೆಸರಿನಿಂದ ಆಡಿತೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

೩

೧೯೪೮ರಲ್ಲಿ ಲಂಡನ್ನಿಗೆ ಹೋದ ತಂಡಕ್ಕೆ ಆಯ್ಕೆಯಾದಾಗ ಅಹಮದ್ ಖಾನರು ಇನ್ನೂ ಈಸ್ಟ್ ಬೆಂಗಾಲನ್ನು ಸೇರಿರಲಿಲ್ಲ. ಊರಿನ ಮೈದಾನದಿಂದ ನೇರವಾಗಿ ದೇಶದ ತಂಡಕ್ಕೆ ದಾರಿಯಿದ್ದ ಕಾಲವದು. ಮರುವರ್ಷ, ೧೯೪೯ರಲ್ಲಿ, ಅವರು ಕಲ್ಕತ್ತೆಗೆ ತೆರಳಿದರು. ಅಪ್ಪಾರಾವ್, ಧನರಾಜ್, ಸಾಲೆ, ವೆಂಕಟೇಶ್ ಮತ್ತು ಅಹಮದ್ ಖಾನ್ ಎಂಬ ಐವರು ಮುಂಪಂಕ್ತಿಯ ಆಟಗಾರರನ್ನು ಅಲ್ಲಿನ ಜನರು ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದೇಶದವರು; ಅವರಲ್ಲಿ ಧನರಾಜರೂ ಅಹಮದ್ ಖಾನರೂ ಬೆಂಗಳೂರಿನವರು. ಅವರ ಬಲದಿಂದ ಈಸ್ಟ್ ಬೆಂಗಾಲ್ ಸಂಘವು ೧೯೪೯, ೧೯೫೦, ೧೯೫೧ರಲ್ಲಿ ಸಾಲಾಗಿ ಮೂರು ಸಲ ಐ. ಎಫ್. ಎ. ಷೀಲ್ಡನ್ನೂ, ೧೯೫೧, ೧೯೫೨ರಲ್ಲಿ ಡ್ಯೂರಾಂಡ್ ಕಪ್ಪನ್ನೂ ಗೆದ್ದಿತು.

ಹೀಗೆ ತೆರಳಿದವರನ್ನು ಯಾರೂ ದೂರುವಂತಿಲ್ಲ. ಕಲ್ಕತ್ತೆಯಲ್ಲಿ ಆಟವನ್ನು ನೋಡಲು ಸಾವಿರಾರು ಜನರು ನೆರೆಯುತ್ತಿದ್ದರು, ಟಿಕೆಟ್ಟಿನ ಹಣವಿದ್ದಿತು, ಆಟಗಾರನ ಯೋಗಕ್ಷೇಮವನ್ನು ನೋಡಿಕೊಳ್ಳುವ ಶ್ರೀಮಂತರಿದ್ದರು. ಬಡಾವಣೆಯ ಹುಡುಗರು ಕಟ್ಟಿಕೊಂಡ ಬೆಂಗಳೂರಿನ ಸಂಘಗಳಲ್ಲಿ ಇವಾವುವೂ ಅಷ್ಟಾಗಿ ಇರಲಿಲ್ಲ. ಆಟಗಾರರು ಲೆಕ್ಕಕ್ಕೆ ಹವ್ಯಾಸಿಗಳಾಗಿದ್ದುದರಿಂದ ಅವರನ್ನು ಕಳುಹಿಸಿಕೊಟ್ಟ ಸಂಘಕ್ಕೆ ಪರಿಹಾರವನ್ನು ಕೊಡುವ ಮಾತೇ ಹುಟ್ಟುತ್ತಿರಲಿಲ್ಲ. ಮಗಳನ್ನು ಸಾಕಿ ಧಾರೆಯೆರೆದುಕೊಟ್ಟ ತವರಿಗೆ ಹೆಸರೂ ಉಳಿಯದ ಸ್ಥಿತಿ ಒದಗಿತು.

ಮುಂದಿನ ತಲೆಮಾರಿನವರೂ ಇದೇ ದಾರಿಯನ್ನು ಹಿಡಿದರು. ೧೯೫೬ರಲ್ಲಿ ಮೆಲ್ಬೋರ್ನಿನಲ್ಲಿ ಭಾರತವು ನಾಲ್ಕನೆಯ ಸ್ಥಾನವನ್ನು ಪಡೆದಾಗಲೂ, ೧೯೬೦ರಲ್ಲಿ ರೋಮಿನಲ್ಲಿಯೂ ಆಡಿದ ಮೈಸೂರಿನ ಕೆಂಪಯ್ಯನವರು ಮೋಹನ್ ಬಾಗಾನಿನಲ್ಲಿ ಹೆಸರು ಗಳಿಸಿದರು. ೧೯೬೨ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದ ತಂಡದಲ್ಲಿದ್ದ ಬೆಂಗಳೂರಿನ ಅರುಮೈನಾಯಗಂ ಅವರೂ ಮೋಹನ್ ಬಾಗಾನಿನವರೆಂದೇ ಪ್ರಸಿದ್ಧರು.

೪

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: ಕಲ್ಕತ್ತೆಯ ಒರೆಗಲ್ಲಿನ ಮೇಲೆ ತಿಕ್ಕದಿದ್ದರೆ ಈ ಚಿನ್ನಕ್ಕೆ ಹೊಳಪು ಬರುತ್ತಿತ್ತೆ? ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಆದರೆ ಒರೆಗಲ್ಲು ಚಿನ್ನವನ್ನು ಹುಟ್ಟಿಸಲಾರದು. ಅಹಮದ್ ಖಾನ್, ಧನರಾಜರಂಥವರು ಹೊರಟುಹೋದ ಮೇಲೆಯೂ ೧೯೫೨-೫೩ರಲ್ಲಿ ಮೈಸೂರು ತಂಡವು ಬಂಗಾಳವನ್ನು ಮತ್ತೆ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಗಣಿಯು ಬರಿದಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ಬೇಕಿಲ್ಲ.

ತರುವಾಯ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಟೆಲಿಫೋನ್ ಕಾರ್ಖಾನೆ ಮೊದಲಾದುವು ಆಟಗಾರರಿಗೆ ನೌಕರಿಗಳನ್ನು ಕೊಟ್ಟು ಕೆಲವರನ್ನು ಊರಿನಲ್ಲಿಯೇ ನಿಲ್ಲಿಸಿಕೊಂಡುವು. ೧೯೬೭-೬೮ ಮತ್ತು ೧೯೬೮-೬೯ರಲ್ಲಿ ಮೈಸೂರು ಸಾಲಾಗಿ ಎರಡು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅಲ್ಲಿಂದ ಮುಂದೆ ೫೪ ವರ್ಷಗಳ ಕಾಲ ಆ ಟ್ರೋಫಿ ನಮ್ಮ ನಾಡಿಗೆ ಬರಲಿಲ್ಲ. ೨೦೨೩ರ ಮಾರ್ಚಿಯಲ್ಲಿ, ದೂರದ ರಿಯಾದಿನಲ್ಲಿ, ಕರ್ನಾಟಕದ ತಂಡವು ಮೇಘಾಲಯವನ್ನು ಸೋಲಿಸಿ ಅದನ್ನು ಮರಳಿ ತಂದಿತು.

ಈ ನಡುವೆ ವಲಸೆಯ ದಿಕ್ಕು ಬದಲಾಯಿಸಿತು. ೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್. ಸಿ. ಸಂಘವು ಮೊದಲ ವರ್ಷವೇ ಐ-ಲೀಗನ್ನು ಗೆದ್ದು, ೨೦೧೬ರಲ್ಲಿ ಏ. ಎಫ್. ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. ಆಗ ಅದರ ನಾಯಕರಾಗಿದ್ದ ಸುನಿಲ್ ಛೇತ್ರಿಯವರು ಹುಟ್ಟಿದುದು ಸಿಕಂದರಾಬಾದಿನಲ್ಲಿ. ಉದಾಂತ ಸಿಂಗರು ಮಣಿಪುರದವರು, ಜಮ್ಷೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು ಬಂದವರು. ಅಂದು ಕೊಟ್ಟ ಊರು ಇಂದು ಪಡೆಯುವ ಊರಾಗಿದೆ. ಅಂದು ನಮಗಾದ ಅನ್ಯಾಯವನ್ನು ಹೇಳಿಕೊಳ್ಳುವವರು ಇಂದು ಮಣಿಪುರದ ಋಣವನ್ನು ಮರೆಯುವುದು ಯುಕ್ತವಾಗದು.

ಲೋಕದ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಈ ಋಣವನ್ನು ೨೦೦೧ರ ತನ್ನ ನಿಬಂಧನೆಗಳಲ್ಲಿ ಒಪ್ಪಿಕೊಂಡಿತು. ಒಪ್ಪಂದವು ಮುಗಿಯುವ ಮೊದಲೇ ಆಟಗಾರನೊಬ್ಬನು ಒಂದು ದೇಶದ ಸಂಘದಿಂದ ಮತ್ತೊಂದು ದೇಶದ ಸಂಘಕ್ಕೆ ಹೋದರೆ, ಕೊಟ್ಟ ಹಣದಲ್ಲಿ ನೂರಕ್ಕೆ ಐದು ಪಾಲನ್ನು ಅವನ ೧೨ನೆಯ ವಯಸ್ಸಿನಿಂದ ೨೩ನೆಯ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಸಂಘಗಳಿಗೆ ಹಂಚಬೇಕೆಂದು ವಿಧಿಸಿತು. ಅಹಮದ್ ಖಾನರ ಕಾಲದಲ್ಲಿ ಇಂಥ ವಿಧಿಯಿರಲಿಲ್ಲ. ಅವರು ೨೦೧೭ರಲ್ಲಿ ತೀರಿಕೊಂಡರು. ಹಣದ ಲೆಕ್ಕವನ್ನು ಈಗ ತೀರಿಸಲಾಗದು. ಆದರೆ ಹೆಸರಿನ ಲೆಕ್ಕವನ್ನು ತೀರಿಸುವುದು ಚರಿತ್ರಕಾರರ ಕೈಯಲ್ಲಿದೆ. ಆಟಗಾರರ ಪಟ್ಟಿಗಳನ್ನು ಬರೆಯುವವರು ಆಡಿದ ಸಂಘದ ಹೆಸರಿನ ಪಕ್ಕದಲ್ಲಿ ಕಲಿತ ಮೈದಾನದ ಹೆಸರನ್ನೂ ಬರೆಯುವ ಪದ್ಧತಿಯನ್ನು ಇಟ್ಟುಕೊಂಡರೆ, ಬೆಂಗಳೂರಿನ ದಂಡಿಗೂ ಮಣಿಪುರದ ಹಳ್ಳಿಗಳಿಗೂ ಸಲ್ಲಬೇಕಾದುದು ಸಂದಂತಾಗುವುದು.