ಕನ್ನಡದ ಕೀಲಿಮಣೆಗೆ ಕ್ರಮ ಕೊಟ್ಟ ಕೆ. ಪಿ. ರಾವ್

ಒಂದು ಗಣಕಯಂತ್ರದಲ್ಲಿ ಬರೆದುದನ್ನು ಇನ್ನೊಂದು ಗಣಕಯಂತ್ರ ಓದಬೇಕಾದರೆ ಅವೆರಡಕ್ಕೂ ಸಮಾನವಾದ ಒಂದು ಒಡಂಬಡಿಕೆ ಬೇಕು. ಇದಕ್ಕೆ ಶಿಷ್ಟತೆ ಎಂದು ಹೆಸರು. ಗಣಕದಲ್ಲಿ ಕನ್ನಡಕ್ಕೆ ಇಂತಹ ಶಿಷ್ಟತೆಯ ಹಾದಿಯನ್ನು ತೋರಿದವರಲ್ಲಿ ಪ್ರಮುಖರು ಶ್ರೀ ಕೆ. ಪಿ. ರಾವ್. ಅವರ ವೃತ್ತಿಜೀವನದ ಮಹತ್ವದ ಭಾಗವು ಮುಂಬಯಿಯಲ್ಲಿಯೇ ಸಂದಿತೆಂಬುದು ಇಲ್ಲಿಯ ಕನ್ನಡಿಗರಿಗೆ ಅಭಿಮಾನದ ಸಂಗತಿ.

ಕಿನ್ನಿಕಂಬಳ ಪದ್ಮನಾಭ ರಾವ್ 1940ರಲ್ಲಿ ಮಂಗಳೂರಿಗೆ ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿದರು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಆ ಬಳಿಕ ಟಾಟಾ ಪ್ರೆಸ್‌ನಲ್ಲಿಯೂ ಸೇವೆ ಸಲ್ಲಿಸಿದರು. ಸೀಸದ ಮೊಳೆಗಳ ಸ್ಥಾನವನ್ನು ಫೋಟೋ ಅಕ್ಷರಜೋಡಣೆ ಆಕ್ರಮಿಸಿಕೊಳ್ಳುತ್ತಿದ್ದ ಆ ಕಾಲದಲ್ಲಿ ಭಾರತೀಯ ಲಿಪಿಗಳನ್ನು ಹೊಸ ಯಂತ್ರಗಳಿಗೆ ಅಳವಡಿಸುವ ಕಾರ್ಯದಲ್ಲಿ ಅವರು ತೊಡಗಿದರು.

ಸಮಸ್ಯೆ ಸಣ್ಣದಾಗಿರಲಿಲ್ಲ. ಕನ್ನಡದ 34 ವ್ಯಂಜನಗಳನ್ನು ಎರಡೆರಡಾಗಿ ಕೂಡಿಸಿದರೆ ಲೆಕ್ಕಕ್ಕೆ 1156 ಸಂಯುಕ್ತಾಕ್ಷರಗಳಾಗುತ್ತವೆ. ಪ್ರತಿಯೊಂದಕ್ಕೂ ಗುಣಿತ ಬೇರೆ. ಬೆರಳಚ್ಚು ಯಂತ್ರವು ಅಕ್ಷರವನ್ನು ಆಕಾರದ ತುಂಡುಗಳನ್ನಾಗಿ ಒಡೆದು ಕೀಲಿಗಳಿಗೆ ಹಂಚಿತ್ತು. ರಾವ್ ಅವರು ಆಕಾರವನ್ನು ಬಿಟ್ಟು ಉಚ್ಚಾರದ ಕ್ರಮವನ್ನು ಹಿಡಿದರು. ಅವರ ವಿನ್ಯಾಸದಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಸಾಕು. ಎಫ್ ಕೀಲಿಯು ವ್ಯಂಜನದ ಅಕಾರವನ್ನು ತೆಗೆದು ಮುಂದಿನ ವ್ಯಂಜನದೊಡನೆ ಬೆಸೆಯುತ್ತದೆ; ಒತ್ತಕ್ಷರವನ್ನು ಮೂಡಿಸುವುದು ಯಂತ್ರದ ಹೊಣೆ. ಶಿಫ್ಟ್ ಒತ್ತಿದರೆ ಕಕಾರ ಖಕಾರವಾಗುತ್ತದೆ.

1980ರ ದಶಕದಲ್ಲಿ ಅವರು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥವಾಗಿ 'ಸೇಡಿಯಾಪು' ಎಂದೇ ಹೆಸರಿಟ್ಟರು. ಕೀಲಿಮಣೆ ವಿನ್ಯಾಸವನ್ನು ಲಾಭದ ವಸ್ತುವಾಗಿಸದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಅದೇ ವಿನ್ಯಾಸವು ಅಲ್ಪಸ್ವಲ್ಪ ಮಾರ್ಪಾಡುಗಳೊಂದಿಗೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆದು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಕಚೇರಿಗಳನ್ನೂ ಮನೆಗಳನ್ನೂ ತಲುಪಿತು. 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು.

ಕೀಲಿಮಣೆ ಒಂದಾದ ಮಾತ್ರಕ್ಕೆ ಕಡತ ಎಲ್ಲೆಡೆಯೂ ತೆರೆಯುತ್ತದೆ ಎನ್ನುವಂತಿರಲಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಇರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಥೆ, ಕವನ, ಲೆಕ್ಕಪತ್ರ ಎಲ್ಲವೂ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತಿದ್ದವು. ಪದವನ್ನು ಹುಡುಕುವುದಾಗಲೀ ಅಕಾರಾದಿಯಾಗಿ ಜೋಡಿಸುವುದಾಗಲೀ ಸಾಧ್ಯವಾಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಯೂನಿಕೋಡಿನಲ್ಲಿಯೂ 'ಕನ್ನಡ' ಪದವು ಐದೇ ಸಂಕೇತಗಳಾಗಿ, ರಾವ್ ಅವರ ಕೀಲಿಗಳ ಕ್ರಮದಲ್ಲಿಯೇ ಉಳಿಯುತ್ತದೆ. ನುಡಿಯ ಕ್ರಮವೇ ಯಂತ್ರದ ಕ್ರಮವೂ ಆಯಿತು.

ಅಂಧೇರಿಯ ನಮ್ಮ ಮನೆಗಳಲ್ಲಿ, ಸಂಘಗಳ ಕಪಾಟುಗಳಲ್ಲಿ ಹಳೆಯ ಫಾಂಟುಗಳಲ್ಲಿ ಬರೆದ ಸ್ಮರಣಸಂಚಿಕೆಗಳು, ಹಿರಿಯರ ನೆನಪುಗಳು ಇನ್ನೂ ಉಳಿದಿರಬಹುದು. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇಂದು ಲಭ್ಯವಿವೆ. ತೆರೆಯಬಲ್ಲವರು ಇರುವಾಗಲೇ ಈ ಕೆಲಸವನ್ನು ಕೈಗೊಳ್ಳುವುದು ಒಳಿತು. ಮುಂದಿನ ಪೀಳಿಗೆಯು ಓದಲಾರದ ಕಡತವು ಇದ್ದೂ ಇಲ್ಲದಂತೆಯೇ.