ಮುಚ್ಚಿದ ಜಾಮೀನಿನ ಬಾಗಿಲು

ಅಫೀಮು ನಮ್ಮಲ್ಲಿ ಬಹುಕಾಲ ಅಪರಾಧಕ್ಕಿಂತ ಹೆಚ್ಚಾಗಿ ಬೊಕ್ಕಸದ ವಿಷಯವಾಗಿತ್ತು. 1878ರ ಅಫೀಮು ಕಾಯಿದೆ ಮುಖ್ಯವಾಗಿ ಕಾಪಾಡಿದ್ದು ಸರ್ಕಾರದ ಆದಾಯವನ್ನು. 1930ರ ಅಪಾಯಕಾರಿ ಮಾದಕವಸ್ತುಗಳ ಕಾಯಿದೆಯಲ್ಲಿಯೂ ಮೊದಲ ಅಪರಾಧಕ್ಕೆ ಹೆಚ್ಚೆಂದರೆ 3 ವರ್ಷಗಳ ಸೆರೆ. 1985ರ ನವೆಂಬರ್ 14ರಂದು ಜಾರಿಗೆ ಬಂದ ಶಾಸನ ಈ ಅಳತೆಗೋಲನ್ನೇ ಬದಲಿಸಿತು. ಹೆರಾಯಿನ್ ಸಾಗಿಸಿದವನಿಗೆ ಕನಿಷ್ಠ ಶಿಕ್ಷೆಯೇ 10 ವರ್ಷ. ಜೊತೆಗೆ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಸ್ವಂತ ಸೇವನೆಗಾಗಿ ಇಟ್ಟುಕೊಂಡ ಅಲ್ಪಾಂಶವೆಂದು ಆರೋಪಿಯೇ ರುಜುವಾತುಪಡಿಸಿದ ಹೊರತು, ಗ್ರಾಮಿಗೂ ಮಣಕ್ಕೂ ಒಂದೇ ತಕ್ಕಡಿ.

ಇದಕ್ಕಿಂತಲೂ ಕಠಿನವಾದದ್ದು 1989ರ ತಿದ್ದುಪಡಿ. ಸರ್ಕಾರಿ ವಕೀಲರು ಜಾಮೀನನ್ನು ವಿರೋಧಿಸಿದರೆ, ಆರೋಪಿ ನಿರ್ದೋಷಿಯೆಂದು ನಂಬಲು ಸಕಾರಣಗಳಿವೆಯೆಂದೂ, ಹೊರಬಂದು ಅವನು ಅಪರಾಧವೆಸಗಲಾರನೆಂದೂ ನ್ಯಾಯಾಧೀಶರಿಗೆ ಮನದಟ್ಟಾಗಬೇಕು. ಸಾಕ್ಷಿಗಳು ಇನ್ನೂ ಕಟಕಟೆಯೇರಿಲ್ಲ. ತೀರ್ಪಿನ ನೆರಳು ಮಾತ್ರ ಆಗಲೇ ಬಿದ್ದಿರಬೇಕು! ವಿಚಾರಣೆ ಬೇಗ ಮುಗಿದಿದ್ದರೆ ಇದನ್ನು ಸಹಿಸಬಹುದಿತ್ತೇನೋ. ಮುಗಿಯಲಿಲ್ಲ. ಮಹಾರಾಷ್ಟ್ರದ ಸೆರೆಮನೆಗಳಲ್ಲಿ ಕಾದಿದ್ದವರ ಪರವಾಗಿ ಬಂದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1994ರಲ್ಲಿ ಆಜ್ಞೆ ಮಾಡಿತು: ಕನಿಷ್ಠ 10 ವರ್ಷಗಳ ಶಿಕ್ಷೆಯ ಆರೋಪ ಹೊತ್ತು 5 ವರ್ಷ ಒಳಗಿದ್ದವರನ್ನು ಜಾಮೀನಿನ ಮೇಲೆ ಬಿಡಬೇಕು. ಆದರೆ ಲಕ್ಷ ರೂಪಾಯಿಯ ಜಾಮೀನು, ಅಷ್ಟೇ ಮೊತ್ತಕ್ಕೆ ಇಬ್ಬರು ಹೊಣೆಗಾರರು! ಬಡವನಿಗೆ ಅದು ಇನ್ನೊಂದು ಬೀಗ.

2001ರಲ್ಲಿ ತಕ್ಕಡಿಗೆ ತೂಕದ ಕಲ್ಲುಗಳು ಬಂದವು. ಹೆರಾಯಿನ್ 5 ಗ್ರಾಮಿನವರೆಗೆ ಅಲ್ಪ ಪ್ರಮಾಣ, 250 ಗ್ರಾಮು ಮೀರಿದರೆ ವಾಣಿಜ್ಯ ಪ್ರಮಾಣ. ಜಾಮೀನಿನ ಬಿಗಿ ಬಹುಮಟ್ಟಿಗೆ ಎರಡನೆಯದಕ್ಕೆ ಸೀಮಿತವಾಯಿತು. ವಿಚಾರಣೆ ನಡೆಯುತ್ತಿದ್ದವರಿಗೆ ಹೊಸ ಅಳತೆ ದೊರೆಯಿತು. ಆಗಲೇ ಶಿಕ್ಷೆಯಾಗಿ ಮೇಲ್ಮನವಿಯಲ್ಲಿದ್ದವರಿಗೆ ಅದು ಅನ್ವಯಿಸದೆಂದು ಆ ತಿದ್ದುಪಡಿಯೇ ಹೇಳಿತು.