ಗೆಡ್ಡೆ: ಮಣ್ಣೊಳಗಿನ ಒಂದು ಮಾತು

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆ ಸುಗಂಧರಾಜ ಹಾಕಬೇಕೆಂದವರು ಮೊದಲು ಕೇಳಬೇಕಾದ ಮಾತು ‘ಗೆಡ್ಡೆ ಎಲ್ಲಿ ಸಿಗುತ್ತೆ?’ ಎಂಬುದು. ಹೂವಿಗೆ ಸಂಸ್ಕೃತದ ದೊಡ್ಡ ಹೆಸರಿದೆ. ಬೇಸಾಯ ನಿಂತಿರುವುದು ಮಾತ್ರ ಈ ಎರಡಕ್ಷರದ ಮೇಲೆ.

ಗೆಡ್ಡೆ, ಗಡ್ಡೆ ಒಂದೇ ಪದ. ನಮ್ಮ ಆಲೂಗೆಡ್ಡೆಯಲ್ಲಿ ಎಕಾರ, ಉತ್ತರ ಕರ್ನಾಟಕದ ಉಳ್ಳಾಗಡ್ಡಿಯಲ್ಲಿ ಅಕಾರ. ತೆಲುಗಿನ ಗಡ್ಡ, ತಮಿಳಿನ ಕಟ್ಟಿ, ನಮ್ಮದೇ ಗಟ್ಟಿ ಇದರ ಒಡಹುಟ್ಟುಗಳು. ಒತ್ತಾಗಿ ಕೂಡಿ ಮುದ್ದೆಗಟ್ಟಿದ್ದು ಎಂಬ ಭಾವ ಇವೆಲ್ಲದರ ಒಳಗಿದೆ. ನೀರು ಹೆಪ್ಪುಗಟ್ಟಿದರೆ ಮಂಜುಗಡ್ಡೆ, ಹೊಳೆಯ ನಡುವೆ ನೆಲ ಎದ್ದು ನಿಂತರೆ ನಡುಗಡ್ಡೆ, ಮೈಯೊಳಗೆ ಊತ ಕಟ್ಟಿದರೆ ವೈದ್ಯರ ಬಾಯಲ್ಲೂ ಗಡ್ಡೆ. ಸದಾ ಜೊತೆಗಿರುವ ಗೆಣಸಿನ ಹುಟ್ಟು ಬೇರೆ. ಅದು ತಮಿಳಿನ ಕಿಳಂಗಿನ ಬಳಗ. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಉಳಿದಿರುವ ‘ಉಳ್ಳಿ’ಗೆ ಗಡ್ಡೆ ಸೇರಿ ಉಳ್ಳಾಗಡ್ಡಿ ಆಯಿತು. ಹೊರಗಿನಿಂದ ಬಂದ ಆಲೂವಿಗೂ ಕನ್ನಡ ತನ್ನ ಗೆಡ್ಡೆಯನ್ನು ಕೊಟ್ಟು ಮನೆಯದಾಗಿಸಿಕೊಂಡಿತು.

ಲ್ಯಾಟಿನ್ನಿನ ‘ಟ್ಯೂಬರ್’ ಕೂಡ ಇದೇ ದಾರಿ ಹಿಡಿದಿರುವುದು ನನಗೆ ಬೆರಗಿನ ಸಂಗತಿ. ಅಲ್ಲೂ ಅದರ ಅರ್ಥ ಊತ, ಉಬ್ಬು. ಕ್ಷಯಕ್ಕೆ ಟ್ಯೂಬರ್‌ಕ್ಯುಲೋಸಿಸ್ ಎಂಬ ಹೆಸರು ಬಂದದ್ದು ಅದು ಕಟ್ಟುವ ಸಣ್ಣ ಗಂಟುಗಳಿಂದ. ಲಿನೇಯಸ್ 1753ರಲ್ಲಿ ಸುಗಂಧರಾಜಕ್ಕೆ ಕೊಟ್ಟ ಹೆಸರು ಪಾಲಿಯಾಂಥಿಸ್ ಟ್ಯೂಬರೋಸ, ಅಂದರೆ ಗೆಡ್ಡೆಯುಳ್ಳದ್ದು. ಇಂಗ್ಲಿಷಿನ ‘ಟ್ಯೂಬ್‌ರೋಸ್’ನಲ್ಲಿ ಗುಲಾಬಿ ಕೇಳಿಸಿದರೂ ಇರುವುದು ಗೆಡ್ಡೆಯೇ. ತವರಾದ ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ ಇದು ‘ಮೂಳೆಹೂ’. ಆ ಬಿಳುಪಿಗೆ ಒಪ್ಪುವ ಮಾತು. ಈಚೆಗೆ ಸಸ್ಯವಿಜ್ಞಾನಿಗಳು ಇದನ್ನು ಅಗೇವ್ ಕುಲಕ್ಕೆ ಸೇರಿಸಿದ್ದಾರೆ. ನಮ್ಮ ಬೇಲಿಯ ಕತ್ತಾಳೆಗೂ ಪೂಜೆಯ ಹೂವಿಗೂ ನಂಟು!

ಹಳೆಯ ತಳಿ ಒಂಟಿಸುತ್ತಿನ ‘ಮೆಕ್ಸಿಕನ್ ಸಿಂಗಲ್’. ಬಿಡಿಹೂವಿಗೆ, ಅತ್ತರಿಗೆ ಇದೇ ಸರಿ. ಇದನ್ನೇ ಒಂದು ಕಡೆಯ ಪೋಷಕವಾಗಿಟ್ಟುಕೊಂಡು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಪ್ರಜ್ವಲ್’ ತಳಿ ರೂಪಿಸಿತು. ನೀರು ಬಸಿಯುವ ಕೆಂಪು ಗೋಡು, ದಿನವಿಡೀ ಬಿಸಿಲು ಸುಗಂಧರಾಜಕ್ಕೆ ಬೇಕು. ಎರಡರಿಂದ ಮೂರು ಸೆಂಟಿಮೀಟರ್ ದಪ್ಪದ ಗೆಡ್ಡೆ ಆರಿಸಿ, ಕಿತ್ತ ಮೇಲೆ ತಿಂಗಳಾದರೂ ನೆರಳಲ್ಲಿ ಒಣಗಿಸಿ, ಬೇಸಿಗೆಯಿಂದ ಮುಂಗಾರಿನವರೆಗಿನ ಅವಧಿಯಲ್ಲಿ ಐದಾರು ಸೆಂಟಿಮೀಟರ್ ಆಳಕ್ಕೆ ನೆಡಬೇಕು. ಗಿಡದಿಂದ ಗಿಡಕ್ಕೆ ಒಂದಡಿ ಬಿಡಬಹುದು. ಮೂರು ತಿಂಗಳು ದಾಟಿದ ಮೇಲೆ ಹೂಕಡ್ಡಿ ಏಳುತ್ತದೆ. ನೀರು ನಿಂತರೆ ಮಾತ್ರ ಗೆಡ್ಡೆ ಕೊಳೆತುಹೋಗುತ್ತದೆ.

ಮೂರು ವರ್ಷದ ಬುಡವನ್ನು ಗುದ್ದಲಿಯಿಂದ ಮೀಟಿ ನೋಡಿ. ಕಡ್ಡಿ ಎತ್ತಿ ಹೂ ಕೊಟ್ಟ ತಾಯಿಗೆಡ್ಡೆ ಸೊರಗಿ ಕಂದು ಸಿಪ್ಪೆಯಾಗಿರುತ್ತದೆ. ಅದರ ಸುತ್ತ ಬೆರಳ ತುದಿಯಷ್ಟರಿಂದ ನಿಂಬೆಯಷ್ಟರವರೆಗೆ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಬಿಡಿಸಲು ಹೋದರೆ ‘ಚಟ್’ ಎಂದು ಸದ್ದು ಮಾಡುವಷ್ಟು ಬಿಗಿ. ಗಟ್ಟಿಯೂ ಗೆಡ್ಡೆಯೂ ಒಂದೇ ಬಳಗವೆಂಬುದು ಆಗ ನಿಘಂಟಿಲ್ಲದೆ ಕೈಗೇ ತಿಳಿಯುತ್ತದೆ.

ಸುಗಂಧರಾಜ ಎಂಬುದು ಮಾರುಕಟ್ಟೆಯಲ್ಲಿ ಕೂಗುವ ಹೆಸರು. ಹೊಲದಲ್ಲಿ, ಮುಂದಿನ ವರ್ಷಕ್ಕೆಂದು ಒಬ್ಬರು ಇನ್ನೊಬ್ಬರ ಮಡಿಲಿಗೆ ಸುರಿಯುವುದು ಗೆಡ್ಡೆಯನ್ನು.